ಯಾರಿಗೋ ಹೊಲಿದ ಕೌದಿ



ಬೆಟ್ಟ ಹತ್ತಿ ಬಂದವರಿಗೆ ಹೊದಿಕೆಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲಲ್ಲಿ ಮೆಟ್ಟಿಲು ಹತ್ತುವಾಗ ಬೆವರು ಸುರಿಯುತ್ತದೆ, ಚೀಲದಲ್ಲಿರುವ ರಗ್ಗು ಭಾರ ಎನಿಸುತ್ತದೆ. "ಇದನ್ನ ಯಾಕಾದ್ರೂ ಹೊತ್ಕೊಂಡು ಬಂದ್ವೋ" ಎಂದು ಗೊಣಗುವವರೂ ಉಂಟು. ರಾತ್ರಿ ಹತ್ತು ಗಂಟೆ ದಾಟಿ ಗಾಳಿ ಬೀಸತೊಡಗಿದಾಗ ಅದೇ ರಗ್ಗಿನ ತುದಿಗಾಗಿ ಮನೆಮಂದಿಯೆಲ್ಲ ಎಳೆದಾಡುತ್ತಾರೆ. ಹೊದಿಕೆ ಇಲ್ಲದವನಿಗೆ ರಾತ್ರಿ ಎಷ್ಟು ಉದ್ದ ಎಂಬುದು ಒಂದು ರಾತ್ರಿ ಬಯಲಲ್ಲಿ ಮಲಗಿದವನಿಗೆ ಮಾತ್ರ ಗೊತ್ತು.

ದೇವರಿಗೂ ಇದು ಚೆನ್ನಾಗಿ ಗೊತ್ತು. ಮೋಶೆಯ ಮೂಲಕ ಕೊಟ್ಟ ಧರ್ಮಶಾಸ್ತ್ರದಲ್ಲಿ, ವಿಮೋಚನಾಕಾಂಡದ 22ನೇ ಅಧ್ಯಾಯದಲ್ಲಿ, ಸಾಲದ ಬಗ್ಗೆ ಒಂದು ಕಟ್ಟಳೆ ಬರುತ್ತದೆ. ಬಡವನೊಬ್ಬ ತನ್ನ ಮೇಲ್ಹೊದಿಕೆಯನ್ನು ಅಡವಿಟ್ಟು ಸಾಲ ಪಡೆದಿದ್ದರೆ, ಸೂರ್ಯ ಮುಳುಗುವುದರೊಳಗೆ ಅದನ್ನು ಅವನಿಗೆ ಹಿಂದಿರುಗಿಸಬೇಕು. ಸಾಲ ಇನ್ನೂ ತೀರಿಲ್ಲವಲ್ಲ ಎಂದು ಕೇಳುವ ಹಾಗಿಲ್ಲ. ಅವನಿಗಿರುವುದು ಅದೊಂದೇ ಹೊದಿಕೆ, ಅದನ್ನೂ ಕಿತ್ತುಕೊಂಡರೆ ಮಲಗುವುದು ಹೇಗೆ ಎಂದು ದೇವರೇ ಕಾರಣ ಕೊಡುತ್ತಾರೆ. ಅವನು ಗೋಳಿಟ್ಟರೆ ತಾವು ಕೇಳಿಸಿಕೊಳ್ಳುವುದಾಗಿಯೂ ಎಚ್ಚರಿಸುತ್ತಾರೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯದಲ್ಲಿ ಇದೇ ಕಟ್ಟಳೆ ಮತ್ತೊಮ್ಮೆ ಬರುತ್ತದೆ. ಗಮನಿಸಬೇಕಾದ್ದು ಏನೆಂದರೆ, ಇಲ್ಲಿ ದಾನದ ಮಾತೇ ಇಲ್ಲ. ರಾತ್ರಿಯ ಹೊದಿಕೆ ಬಡವನ ಹಕ್ಕು. ಕೊಡುವವನು ದೊಡ್ಡವನಾಗುವ ಪ್ರಶ್ನೆಯೇ ಇಲ್ಲ. ಅವನದನ್ನು ಅವನಿಗೆ ಮುಟ್ಟಿಸುತ್ತಾನೆ, ಅಷ್ಟೇ.

ಈ ಮಾತನ್ನು ಕೈಕೆಲಸವಾಗಿ ಮಾಡಿಕೊಂಡವರು ಅಮೆರಿಕ ದೇಶದ ಕೆಲವು ಚರ್ಚುಗಳ ಹೆಂಗಸರು. ಮಿನ್ನೆಸೋಟ, ಅಯೋವ, ವಿಸ್ಕಾನ್ಸಿನ್, ಡಕೋಟ ಮುಂತಾದ ಹಿಮ ಬೀಳುವ ರಾಜ್ಯಗಳಲ್ಲಿ ಲೂಥರನ್ ಪಂಥದ ಚರ್ಚುಗಳು ಬಹಳ. ಅಲ್ಲಿನ ಹಳ್ಳಿ, ಪಟ್ಟಣಗಳಲ್ಲಿ ವಾರಕ್ಕೊಮ್ಮೆಯೋ ತಿಂಗಳಿಗೆ ಎರಡು ಸಲವೋ ಹತ್ತಾರು ಹೆಂಗಸರು ಚರ್ಚಿನ ಕೆಳಗಿನ ಹಾಲಿನಲ್ಲಿ ಸೇರುತ್ತಾರೆ. ಮಾಡುವುದು ಒಂದೇ ಕೆಲಸ, ಕೌದಿ ಹೊಲಿಯುವುದು. ಅವರ ಭಾಷೆಯಲ್ಲಿ ಅದಕ್ಕೆ ಕ್ವಿಲ್ಟ್ ಎನ್ನುತ್ತಾರೆ. ಈ ಕೌದಿ ತಮ್ಮ ಮನೆಗಲ್ಲ, ಮೊಮ್ಮಕ್ಕಳಿಗಲ್ಲ, ಮಾರಾಟಕ್ಕೂ ಅಲ್ಲ. ಎಲ್ಲಿಗೆ ಹೋಗುತ್ತದೆ, ಯಾರು ಹೊದೆಯುತ್ತಾರೆ ಎಂಬುದು ಹೊಲಿಯುವವರಿಗೆ ಗೊತ್ತಿರುವುದಿಲ್ಲ. ಪಂಥ ಬೇರೆಯಾದರೂ ಕಥೋಲಿಕ ಯಾತ್ರಿಕರು ಇದನ್ನು ಸಂಕೋಚವಿಲ್ಲದೆ ಓದಬಹುದು. ಸೂಜಿಗೆ ಪಂಥಭೇದ ಇಲ್ಲ.

ಈ ಕೆಲಸದ ಹಿಂದೆ ಒಂದು ಯುದ್ಧದ ಕಥೆ ಇದೆ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದಾಗ ಯೂರೋಪಿನ ಎಷ್ಟೋ ಊರುಗಳಲ್ಲಿ ಮನೆ ಇದ್ದಲ್ಲಿ ಇಟ್ಟಿಗೆಯ ರಾಶಿ ಇತ್ತು. ಆ ವರ್ಷವೇ ಅಮೆರಿಕದ ಲೂಥರನ್ನರು 'ಲೂಥರನ್ ವರ್ಲ್ಡ್ ರಿಲೀಫ್' ಎಂಬ ಸಂಸ್ಥೆ ಕಟ್ಟಿ ಬಟ್ಟೆ, ಹೊದಿಕೆ, ಆಹಾರ ಕಳುಹಿಸಲು ತೊಡಗಿದರು. ಸೋತ ಜರ್ಮನಿಗೂ ಕಳುಹಿಸಿದರು. ತಮ್ಮ ಊರಿನ ಹುಡುಗರು ಯಾವ ದೇಶದ ವಿರುದ್ಧ ಹೋರಾಡಿ ಸತ್ತಿದ್ದರೋ ಅದೇ ದೇಶದ ಮಕ್ಕಳು ಚಳಿಯಲ್ಲಿ ನಡುಗಬಾರದು ಎಂದು ಹೊದಿಕೆ ಹೊಂದಿಸುವುದು ಸುಲಭದ ಮಾತಲ್ಲ. ಬಾಯಲ್ಲಿ ಹೇಳುವಷ್ಟು ಸುಲಭವಾಗಿ ಕೈ ಒಪ್ಪುವುದಿಲ್ಲ.

ಮೆನೊನೈಟ್ ಎಂಬ ಇನ್ನೊಂದು ಪಂಥದವರು ಇನ್ನೂ ಮುಂಚೆಯೇ ಹೊರಟವರು. ರಷ್ಯದ ದಕ್ಷಿಣ ಭಾಗದಲ್ಲಿ, ಈಗಿನ ಉಕ್ರೇನಿನಲ್ಲಿ, ಜನ ಹಸಿವಿನಿಂದ ಸಾಯುತ್ತಿದ್ದಾಗ 1920ರಲ್ಲಿ ಅವರ 'ಮೆನೊನೈಟ್ ಸೆಂಟ್ರಲ್ ಕಮಿಟಿ' ಹುಟ್ಟಿತು. ನೂರು ವರ್ಷ ತುಂಬಿದ 2020ರ ಜನವರಿಯಲ್ಲಿ ಒಂದು ದಿನ ಗೊತ್ತುಮಾಡಿ, ಬೇರೆ ಬೇರೆ ಊರುಗಳಲ್ಲಿ ಏಕಕಾಲಕ್ಕೆ ಕುಳಿತು ಸಾವಿರಾರು ಹೊದಿಕೆಗಳಿಗೆ ಗಂಟು ಕಟ್ಟಿದರು. ಎರಡು ವರ್ಷ ಕಳೆದು 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ವಿಸ್ತರಿಸಿದಾಗ ಅವರ ಹೊದಿಕೆಗಳು ಮತ್ತೆ ಅದೇ ನೆಲಕ್ಕೆ ಹೋದವು. ನೂರು ವರ್ಷದ ಹಿಂದೆ ಅನ್ನ ಕಳುಹಿಸಿದ ಕಡೆಗೇ ಮತ್ತೆ ಹೊದಿಕೆ ಕಳುಹಿಸುವ ಹಾಗಾಯಿತಲ್ಲ ಎಂದು ಮರುಗಬೇಕೋ, ನೂರು ವರ್ಷವೂ ಕೈ ಬಿಡಲಿಲ್ಲವಲ್ಲ ಎಂದು ದೇವರನ್ನು ಸ್ತುತಿಸಬೇಕೋ, ಎರಡೂ ಸರಿಯೇ.

ಇನ್ನು ಕೆಲಸದ ರೀತಿ. ಜನ ತಂದುಕೊಟ್ಟ ದುಪ್ಪಟಿ, ಕಿಟಕಿಯ ಪರದೆ, ಅಂಗಿ, ಹೊಲಿಗೆಯಲ್ಲಿ ಉಳಿದ ಹೊಸ ಬಟ್ಟೆ ಎಲ್ಲ ಮೇಜಿನ ಮೇಲೆ ಬೀಳುತ್ತದೆ. ಒಬ್ಬರು ಇಸ್ತ್ರಿ ಮಾಡುತ್ತಾರೆ. ಒಬ್ಬರು ಅಳತೆಗೆ ಚೌಕ ಕತ್ತರಿಸುತ್ತಾರೆ. ಬಣ್ಣ ಹೊಂದಿಸುವುದಕ್ಕೇ ಒಬ್ಬರಿರುತ್ತಾರೆ, ಅವರ ಮಾತಿಗೆ ಎದುರಾಡುವ ಹಾಗಿಲ್ಲ! ಮಷಿನ್ ಇಟ್ಟುಕೊಂಡವರು ಚೌಕಗಳನ್ನು ಪಟ್ಟಿಯಾಗಿ, ಪಟ್ಟಿಗಳನ್ನು ಹಾಳೆಯಾಗಿ ಜೋಡಿಸುತ್ತಾರೆ. ಲೂಥರನ್ನರ ಕೌದಿಯ ಅಳತೆ ಸಾಮಾನ್ಯವಾಗಿ 60 ಇಂಚು ಅಗಲ, 80 ಇಂಚು ಉದ್ದ. ದೊಡ್ಡವರೊಬ್ಬರು ಕಾಲು ಚಾಚಿ ಮಲಗಬಹುದು, ತಾಯಿಯೊಬ್ಬಳು ಎರಡು ಮಕ್ಕಳನ್ನು ಮಗ್ಗುಲಿಗೆ ಹಾಕಿಕೊಳ್ಳಬಹುದು. ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ನಡುವೆ ಹತ್ತಿಯ ಪದರವನ್ನೋ ಹಳೆಯ ಕಂಬಳಿಯನ್ನೋ ಇಡುತ್ತಾರೆ. ಮೂರೂ ಪದರ ಜಾರದಂತೆ ಸುಮಾರು ಗೇಣಿಗೊಂದರಂತೆ ಗಟ್ಟಿ ದಾರ ಪೋಣಿಸಿ ಗಂಟು ಹಾಕುತ್ತಾರೆ. ಕಣ್ಣು ಮಂಜಾದವರು, ಸೂಜಿಯ ಕಣ್ಣಿಗೆ ದಾರ ಸೇರಿಸಲಾಗದವರು ಸಹ ಗಂಟು ಹಾಕಬಲ್ಲರು. ಮಕ್ಕಳೂ ಗಂಡಸರೂ ಕೈಹಾಕುತ್ತಾರೆ.

ಈ ಗುಂಪುಗಳಲ್ಲಿ ವಯಸ್ಸಾದವರೇ ಹೆಚ್ಚು, ವಿಧವೆಯರೂ ಬಹಳ. ಮಕ್ಕಳು ದೂರದ ಊರು ಸೇರಿರುತ್ತಾರೆ. ಮನೆಯಲ್ಲಿ ಮಾತಾಡಿಸುವವರಿಲ್ಲ. "ಬೆರಳು ಗಂಟು ನೋಯುತ್ತೆ, ಆದ್ರೂ ಹೋಗ್ದೆ ಇರಕ್ಕಾಗಲ್ಲ" ಎನ್ನುವಂಥವರು. ಕೌದಿ ಯಾರಿಗೋ ಶಾಖ ಕೊಡುವುದಕ್ಕೆ ಮುಂಚೆ ಹೊಲಿಯುವವರಿಗೇ ಒಂದಿಷ್ಟು ಶಾಖ ಕೊಟ್ಟಿರುತ್ತದೆ. ಇದನ್ನು ಸ್ವಾರ್ಥ ಎನ್ನುವವರು ಎನ್ನಲಿ. ಒಂಟಿತನವೂ ಚಳಿಯೇ ಅಲ್ಲವೇ?

ವರ್ಷದ ಕೆಲಸ ಮುಗಿದ ಮೇಲೆ ಒಂದು ಭಾನುವಾರ ಎಷ್ಟೋ ಚರ್ಚುಗಳಲ್ಲಿ ಕೌದಿಗಳನ್ನೆಲ್ಲ ಆರಾಧನೆಗೆ ತರುತ್ತಾರೆ. ಜನ ಕೂರುವ ಬೆಂಚುಗಳ ಬೆನ್ನ ಮೇಲೆ ಸಾಲಾಗಿ ಹೊದಿಸುತ್ತಾರೆ. ಬೋಧಕರು ಅವುಗಳ ಮೇಲೆ, ಅವುಗಳನ್ನು ಹೊದೆಯುವವರ ಮೇಲೆ ಆಶೀರ್ವಾದ ಬೇಡುತ್ತಾರೆ. ಮಾರನೆಯ ದಿನ ಪೆಟ್ಟಿಗೆಗೆ ತುಂಬಿ ಗೋದಾಮಿಗೆ, ಅಲ್ಲಿಂದ ಹಡಗಿಗೆ. ಹೀಗೆ ಎಲ್ಲ ಚರ್ಚುಗಳಿಂದ ಸೇರಿ ಒಂದೊಂದು ವರ್ಷ ಲೂಥರನ್ನರ ಕೌದಿಗಳೇ ಲಕ್ಷಗಳ ಲೆಕ್ಕದಲ್ಲಿ ಹೋಗಿವೆ. ತಲುಪಿದಲ್ಲಿ ಅವು ಹೊದಿಕೆಯಾಗಿಯಷ್ಟೇ ಉಳಿಯುವುದಿಲ್ಲ. ನೆಲಕ್ಕೆ ಹಾಸುತ್ತಾರೆ, ಬಿಸಿಲಿಗೆ ಚಪ್ಪರ ಕಟ್ಟುತ್ತಾರೆ, ಬೆನ್ನಿಗೆ ಮಗು ಕಟ್ಟಿಕೊಳ್ಳುತ್ತಾರೆ, ಸಂತೆಯಲ್ಲಿ ಹಾಸಿ ಮೇಲೆ ಸಾಮಾನು ಇಟ್ಟು ಮಾರುತ್ತಾರೆ.

ಈ ಕೆಲಸದಲ್ಲಿ ಒಂದು ನಿಯಮವಿದೆ. ಯಾತ್ರಿಕರು ಅದನ್ನು ಸ್ವಲ್ಪ ನಿಂತು ಓದಬೇಕು. ಕೌದಿಯ ಮೇಲೆ ತಮ್ಮ ದೇಶದ ಬಾವುಟದ ಚಿತ್ರ ಇರಬಾರದು, ಸೈನಿಕರ ಉಡುಪಿನಂಥ ಬಟ್ಟೆ ಬಳಸಬಾರದು, ಧಾರ್ಮಿಕ ಚಿಹ್ನೆಯೂ ಇರಬಾರದು. ಅಂದರೆ ಶಿಲುಬೆಯೂ ಇಲ್ಲ! ಚರ್ಚಿನಲ್ಲೇ ಕೂತು, ಪ್ರಾರ್ಥನೆ ಮಾಡಿಯೇ ಹೊಲಿಯುವ ಕೌದಿಯ ಮೇಲೆ ಶಿಲುಬೆ ಇರುವುದಿಲ್ಲ. ಹೊದೆಯುವವರು ಮುಸ್ಲಿಮರಿರಬಹುದು, ಬೌದ್ಧರಿರಬಹುದು, ಸೈನಿಕರ ಕಾಟಕ್ಕೆ ಊರು ಬಿಟ್ಟು ಬಂದವರಿರಬಹುದು. ಸಿರಿಯದಿಂದ ಓಡಿಬಂದ ಕುಟುಂಬವೊಂದು ಡೇರೆಯಲ್ಲಿ ಮಲಗುವಾಗ, "ಇದನ್ನ ಹೊದ್ರೆ ನಮ್ಮ ಧರ್ಮಕ್ಕೆ ತಪ್ಪಾಗುತ್ತೇನೋ" ಎಂದು ಒಂದು ಕ್ಷಣವೂ ಯೋಚಿಸುವಂತಾಗಬಾರದು. ಚಳಿಯಲ್ಲಿರುವವನ ಮುಂದೆ ಶರತ್ತು ಇಡಬಾರದು.

"ಹಾಗಾದ್ರೆ ಸಾಕ್ಷಿ ಎಲ್ಲಿ? ಯಾರ ಹೆಸರಲ್ಲಿ ಕೊಟ್ರಿ ಅಂತ ಗೊತ್ತಾಗೋದು ಹೇಗೆ?" ಎಂದು ಕೇಳುವ ಭಕ್ತರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ತೆರೆದು ನೋಡಿದರೆ, ಕೊನೆಯ ದಿನದಲ್ಲಿ ಬಲಗಡೆ ನಿಂತವರು ಪ್ರಭುವನ್ನೇ ಕೇಳುತ್ತಾರೆ: ತಾವು ಯಾವಾಗ ಪ್ರಭುವಿಗೆ ಬಟ್ಟೆ ಕೊಟ್ಟದ್ದು ಎಂದು. ಅವರಿಗೇ ನೆನಪಿಲ್ಲ! ಲೆಕ್ಕ ಇಟ್ಟವರು ಪ್ರಭುವೇ ಹೊರತು ಕೊಟ್ಟವರಲ್ಲ. ಶಿಲುಬೆಯ ಚಿತ್ರವಿಲ್ಲದ ಕೌದಿಯಲ್ಲಿ ಕ್ರಿಸ್ತರಿಲ್ಲ ಎನ್ನುವವರು ಈ ಅಧ್ಯಾಯಕ್ಕೆ ಉತ್ತರ ಹೇಳಬೇಕಾಗುತ್ತದೆ. ಕೌದಿಯ ಒಳಗೆ ಚಳಿಯಿಂದ ಮುದುರಿ ಮಲಗಿರುವವರೇ ಅವರು.

ಸಂತ ಮಾರ್ಟಿನರ ಕಥೆ ಇಲ್ಲಿ ನೆನಪಾಗುತ್ತದೆ. ನಾಲ್ಕನೆಯ ಶತಮಾನದ ಈ ಸೈನಿಕ, ಇನ್ನೂ ಜ್ಞಾನಸ್ನಾನ ಪಡೆಯುವ ಮುಂಚೆ, ಈಗಿನ ಫ್ರಾನ್ಸಿನ ಅಮಿಯೆನ್ಸ್ ಪಟ್ಟಣದ ಬಾಗಿಲಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟರು. ಆ ರಾತ್ರಿ ಕನಸಿನಲ್ಲಿ ಆ ಅರ್ಧವನ್ನು ಹೊದ್ದವರು ಪ್ರಭು ಯೇಸು. ಉಳಿದ ಮೇಲಂಗಿಯನ್ನು ಜನ ಪವಿತ್ರ ವಸ್ತುವಾಗಿ ಕಾಪಾಡಿದರು, ಅದನ್ನಿಟ್ಟ ಚಿಕ್ಕ ಗುಡಿಗೆ ಲತೀನ್ ಭಾಷೆಯ ಮೇಲಂಗಿ ಎಂಬ ಪದದಿಂದಲೇ ಹೆಸರು ಬಂತು. ಇಂದು ಯಾತ್ರಿಕರು ಚಾಪೆಲ್ ಎಂದು ಕರೆಯುವುದು ಅದೇ ಮಾತು. ಚಾಪೆಲ್ಲಿನೊಳಗೆ ಮೊಣಕಾಲೂರುವವರು ಒಂದು ಹರಿದ ಹೊದಿಕೆಯ ಹೆಸರಿನ ಕೆಳಗೆ ಮೊಣಕಾಲೂರುತ್ತಿದ್ದಾರೆ.

ಆದರೆ ಸೂಜಿ ಹಿಡಿದವರಿಗೆ ಕುದುರೆ ಏರಿದ ಸಂತರಿಗಿಂತ ಹತ್ತಿರದವಳು ಜೊಪ್ಪ ಪಟ್ಟಣದ ತಬಿಥಾ. ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದಲ್ಲಿ ಆಕೆಯ ಕಥೆ ಇದೆ. ಗ್ರೀಕ್ ಭಾಷೆಯಲ್ಲಿ ದೋರ್ಕ ಎಂದು ಹೆಸರು, ಎರಡಕ್ಕೂ ಜಿಂಕೆ ಎಂದೇ ಅರ್ಥ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ 'ಶಿಷ್ಯೆ' ಎಂಬ ಪದವನ್ನು ಬಳಸಿರುವುದು ಈಕೆಯೊಬ್ಬಳಿಗೆ ಮಾತ್ರ. ಈಕೆ ಬೋಧನೆ ಮಾಡಿದಳೆಂದು ಎಲ್ಲೂ ಬರೆದಿಲ್ಲ. ಬಟ್ಟೆ ಮಾಡಿಕೊಟ್ಟಳು. ಕಾಯಿಲೆ ಬಿದ್ದು ಸತ್ತಳು. ಹತ್ತಿರದ ಲುದ್ದ ಊರಿನಲ್ಲಿದ್ದ ಸಂತ ಪೇತ್ರರಿಗೆ ಇಬ್ಬರು ಹೋಗಿ ಹೇಳಿಕಳುಹಿಸಿದ ಸುದ್ದಿ ಮುಟ್ಟಿಸಿದರು. ಪೇತ್ರರು ಬಂದಾಗ ಮೇಲುಮಾಳಿಗೆಯಲ್ಲಿ ವಿಧವೆಯರೆಲ್ಲ ಅಳುತ್ತ ಸುತ್ತುಗಟ್ಟಿದರು. ಆಕೆಯನ್ನು ಹೊಗಳುವ ಒಂದು ಮಾತೂ ಅಲ್ಲಿ ದಾಖಲಾಗಿಲ್ಲ. ಆಕೆ ತಮ್ಮೊಂದಿಗಿದ್ದಾಗ ಮಾಡಿಕೊಟ್ಟ ನಿಲುವಂಗಿಗಳನ್ನು, ಹೊದಿಕೆಗಳನ್ನು ತೋರಿಸಿದರು, ಅಷ್ಟೇ. "ನೋಡಿ ಸ್ವಾಮಿ, ಇದು ಆಕೆ ಹೊಲ್ದಿದ್ದು" ಎಂದು ಸೆರಗು ಹಿಡಿದು ತೋರಿಸುವ ಹೆಂಗಸರನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಪೇತ್ರರು ಎಲ್ಲರನ್ನೂ ಹೊರಗೆ ಕಳುಹಿಸಿ, ಮೊಣಕಾಲೂರಿ ಪ್ರಾರ್ಥಿಸಿ, ಆಕೆಯನ್ನು ಹೆಸರು ಹಿಡಿದು ಎಬ್ಬಿಸಿದರು. ಆಮೇಲೆ ವಿಧವೆಯರನ್ನೇ ಕರೆದು ಆಕೆಯನ್ನು ಒಪ್ಪಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡ್, ಅಮೆರಿಕಗಳ ಚರ್ಚುಗಳಲ್ಲಿ ಬಡವರಿಗೆ ಬಟ್ಟೆ ಹೊಲಿಯುವ ಹೆಂಗಸರ ಸಂಘಗಳಿಗೆ ದೋರ್ಕ ಸಂಘ ಎಂದೇ ಹೆಸರಿಡುತ್ತಿದ್ದರು.

ಇಲ್ಲೊಂದು ಮುಳ್ಳೂ ಇದೆ. ತಬಿಥಾ ಹೊಲಿದದ್ದು ಕಣ್ಣೆದುರಿಗೆ ಇದ್ದವರಿಗೆ. ಸಮುದ್ರದಾಚೆಯ ಅಪರಿಚಿತನಿಗೆ ಕೌದಿ ಕಳುಹಿಸುವುದು ಒಂದು ರೀತಿಯಲ್ಲಿ ಸುಲಭ, ಅವನು ಬಾಗಿಲಿಗೆ ಬರುವುದಿಲ್ಲ, ಎದುರು ಮಾತಾಡುವುದಿಲ್ಲ. ಪಕ್ಕದ ಬೀದಿಯ ವಿಧವೆಯ ವಿಷಯ ಹಾಗಲ್ಲ. ಈ ಕಾರಣಕ್ಕೇ ಬಹಳ ಗುಂಪುಗಳು ಒಂದಿಷ್ಟು ಕೌದಿಗಳನ್ನು ತಮ್ಮ ಊರಿಗೇ ಎತ್ತಿಡುತ್ತವೆ: ಮನೆ ಸುಟ್ಟುಹೋದವರಿಗೆ, ಸೂರಿಲ್ಲದವರ ತಂಗುದಾಣಕ್ಕೆ, ಮಲಗಿದಲ್ಲೇ ಆದ ರೋಗಿಗೆ.

ರೋಗಿಯ ಮಾತು ಬಂದದ್ದರಿಂದ ಇನ್ನೊಂದು ಗುಂಪಿನ ವಿಷಯ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ನಗರದ ಮೆಥೊಡಿಸ್ಟ್ ಚರ್ಚೊಂದರಲ್ಲಿ 1990ರ ದಶಕದ ಆರಂಭದಲ್ಲಿ, ಪ್ರಾಣಾಪಾಯದಲ್ಲಿದ್ದ ಒಂದು ಪುಟ್ಟ ಮಗುವಿಗಾಗಿ ಹೆಂಗಸರು ಕೌದಿ ಮಾಡಿದರು. ಗಂಟು ಹಾಕುವಾಗ ಒಂದೊಂದು ಗಂಟಿಗೆ ಒಂದೊಂದು ಪ್ರಾರ್ಥನೆ. ಅದರಿಂದ 'ಪ್ರೇಯರ್ಸ್ ಅಂಡ್ ಸ್ಕ್ವೇರ್ಸ್' ಎಂಬ ಸೇವೆ ಬೆಳೆಯಿತು. ಕೌದಿಯ ಮೇಲೆ ದಾರಗಳನ್ನು ಬಿಡಿಯಾಗಿ ಬಿಟ್ಟು ಚರ್ಚಿನಲ್ಲಿ ಇಡುತ್ತಾರೆ. ಬಂದವರು ಒಬ್ಬೊಬ್ಬರಾಗಿ ಒಂದು ಗಂಟು ಕಟ್ಟಿ, ಮೌನವಾಗಿ ಆ ರೋಗಿಗಾಗಿ ಬೇಡಿಕೊಳ್ಳುತ್ತಾರೆ. ಜಪಸರದ ಮಣಿ ಎಣಿಸಿ ಬಲ್ಲವರಿಗೆ ಇದರ ಅರ್ಥ ಬೆರಳಲ್ಲೇ ಆದೀತು. ಇಲ್ಲಿಯೂ ಒಂದು ಕಟ್ಟುನಿಟ್ಟು: ಕೌದಿ ಮಾರುವಂತಿಲ್ಲ, ಮತ್ತು ಪಡೆಯುವವರ ಒಪ್ಪಿಗೆ ಇಲ್ಲದೆ ಕೊಡುವಂತಿಲ್ಲ. "ನಿಮಗಾಗಿ ಪ್ರಾರ್ಥನೆ ಮಾಡ್ಲಾ?" ಎಂದು ಮೊದಲು ಕೇಳಬೇಕು. ಬೇಡ ಎಂದರೆ ಬೇಡ. ಆಸ್ಪತ್ರೆಗೆ ನುಗ್ಗಿ ರೋಗಿಯ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿ ಬರುವ ಉತ್ಸಾಹಿಗಳಿಗೆ ಈ ಕೇಳುವ ವಿನಯ ಸ್ವಲ್ಪ ಕಲಿತರೆ ನಷ್ಟವಿಲ್ಲ.

"ಇಷ್ಟೆಲ್ಲ ಯಾಕೆ? ಅಂಗಡೀಲಿ ಕಡಿಮೆ ದುಡ್ಡಿಗೆ ಕಂಬಳಿ ಸಿಗುತ್ತೆ, ಕೊಂಡು ಹಂಚಿದ್ರೆ ಆಯ್ತಪ್ಪ" ಎನ್ನುವವರ ಮಾತನ್ನೂ ತಳ್ಳಿಹಾಕಬಾರದು. ಹಡಗಿನ ಬಾಡಿಗೆಗೂ ಹಣ ಬೇಕು, ಅದಕ್ಕಾಗಿ ಈ ಸಂಸ್ಥೆಗಳು ಕೌದಿಯ ಜೊತೆ ಸಾಗಾಣಿಕೆಯ ವಂತಿಗೆಯನ್ನೂ ಕೇಳುತ್ತವೆ. ಎಷ್ಟೋ ಕಡೆ ಹಣ ಕೊಟ್ಟು ಅಲ್ಲಿಯೇ ಕೊಂಡರೆ ಬೇಗ ತಲುಪುತ್ತದೆ, ಅಲ್ಲಿನ ವ್ಯಾಪಾರಿಗೂ ಬದುಕಾಗುತ್ತದೆ. ಅಂಥಲ್ಲಿ ಹಣವನ್ನೇ ಕೊಡಬೇಕು. ಆದರೆ ಯುದ್ಧದಲ್ಲಿ ಎಲ್ಲವನ್ನೂ ಬಿಟ್ಟು ಬಂದ ಒಬ್ಬಳು ಕೌದಿಯನ್ನು ಬಿಚ್ಚಿ, ಒಂದೊಂದೇ ಚೌಕ ನೋಡುತ್ತ, ಇದನ್ನು ಯಾರೋ ದಿನಗಟ್ಟಲೆ ಕೂತು ಮಾಡಿದ್ದಾರೆ ಎಂದು ಅರಿತುಕೊಳ್ಳುವುದನ್ನು ಹಣದ ಲೆಕ್ಕದಲ್ಲಿ ಎಲ್ಲಿ ಬರೆಯುವುದು?

ಕನ್ನಡ ನಾಡಿನ ಯಾತ್ರಿಕರಿಗೆ ಕೌದಿ ಪರದೇಶದ ವಸ್ತುವಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ ಸೇರಿಸಿ ಹೊಲಿದ ಕೌದಿಯ ಮೇಲೆ ಹುಟ್ಟಿ ಬೆಳೆದವರು ಲಕ್ಷಾಂತರ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕಥೋಲಿಕರೂ ಇದ್ದಾರೆ. ಮೂರೂ ಕಡೆಯ ಹೆಂಗಸರು ಹೊಲಿಯುವ ಕೌದಿಯ ರೀತಿ ಒಂದೇ. ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತು ಬರುತ್ತಾ, ತುಂಡುಗಳನ್ನು ಇಡುತ್ತಾ ಹೊಲಿಯುತ್ತಾ ನಡುವಿಗೆ ಸೇರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಿಸಿದ ಬಟ್ಟೆಯ ಚಿಕ್ಕ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕಕ್ಕೆ ಬೆತ್ತಲೆ. ಬಳಸಿ ಸವೆದ ಬಟ್ಟೆಯಿಂದಲೇ ಮಾಡಿದ್ದಾದರೂ ಹೂವಿಡುವವರೆಗೆ ಕೊಡುವ ಹಾಗಿಲ್ಲ ಎಂಬ ಈ ಅಭಿಮಾನವನ್ನು, ದಾನಕ್ಕೆಂದು ಕಾಲರ್ ಹರಿದ ಅಂಗಿ, ಗುಂಡಿ ಕಿತ್ತ ರವಿಕೆ ಗಂಟುಕಟ್ಟಿ ತರುವವರು ಒಮ್ಮೆ ನೋಡಬೇಕು. ಹರಕೆಯ ಹೆಸರಿನಲ್ಲಿ ಕೊಟ್ಟು, ಕೊಡುವಾಗ ಫೋಟೋ ತೆಗೆಸಿಕೊಂಡು, ಪಡೆದ ಮುದುಕಿಯ ಮುಖ ಎಲ್ಲರಿಗೂ ತೋರಿಸುವವರ ವಿಷಯ ಹೇಳುವುದೇ ಬೇಡ.

ಊರಿಗೆ ಹಿಂದಿರುಗಿದ ಮೇಲೆ ಧರ್ಮಕೇಂದ್ರದ ಮಹಿಳೆಯರು ಇಂಥ ಕೆಲಸಕ್ಕೆ ಕೈಹಾಕುವುದಾದರೆ ಹೆಚ್ಚಿನ ಖರ್ಚಿಲ್ಲ. ಮೊದಲು ವೃದ್ಧಾಶ್ರಮಕ್ಕೋ ಹಾಸ್ಟೆಲಿಗೋ ಹೋಗಿ, ಏನು ಬೇಕು, ಎಷ್ಟು ಬೇಕು ಎಂದು ಕೇಳಬೇಕು. ಅವರು ಕೌದಿ ಬೇಡ, ಚಾಪೆ ಬೇಕು ಎಂದರೆ ಚಾಪೆ. ಬಟ್ಟೆಯನ್ನು ಒಗೆದು ಒಣಗಿಸಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗಿ ಸೊಟ್ಟಗಾಗುತ್ತದೆ, ಬಣ್ಣವೂ ಬಿಡುತ್ತದೆ. ದಪ್ಪ ಬಟ್ಟೆಯ ಪಕ್ಕ ತೆಳು ಬಟ್ಟೆ ಸೇರಿಸಬಾರದು, ತೆಳುವಾದದ್ದು ಬೇಗ ಹರಿಯುತ್ತದೆ. ಜರಿ, ಗುಂಡಿ, ಚುಚ್ಚುವಂಥದ್ದು ಬೇಡ, ಮುದುಕರ ಚರ್ಮ ತಡೆಯುವುದಿಲ್ಲ. ಕೊಟ್ಟವರ ಹೆಸರು ಎಲ್ಲಿಯೂ ಹೊಲಿಯಬಾರದು. ಗಂಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ಬಿಗಿದ ಮೇಲೆ ದಾರದ ತುದಿಯನ್ನು ಒಂದು ಬೆರಳಿನ ಅಗಲದಷ್ಟಾದರೂ ಬಿಡಬೇಕು, ತೀರಾ ಗಿಡ್ಡ ಕತ್ತರಿಸಿದರೆ ಎರಡನೇ ಒಗೆತಕ್ಕೇ ಬಿಚ್ಚಿಕೊಳ್ಳುತ್ತದೆ.